ವೈಫೈ ಕಳ್ಳರೂ ನಮ್ಮನೆ ಜಗುಲಿಯೂ

ಪತ್ರಿಕೆ, ನ್ಯೂಸ್ ಆ್ಯಪ್, ಯೂಟ್ಯೂಬ್ ಚಾನೆಲ್ಲು, ಎಲ್ಲಿ ಹೋದರೂ ತಿಂಗಳಿಗೊಮ್ಮೆ ಕಣ್ಣಿಗೆ ಬೀಳುವ ಒಂದು ಬರಹ ಇದೆ. ನೀವೂ ನೋಡಿರ್ತೀರಿ. ನಿಮ್ಮ ವೈಫೈ ಸ್ಲೋ ಆಗಿದೆಯಾ, ಪಕ್ಕದ ಮನೆಯವರು ಕದೀತಿರಬಹುದು, ಎರಡೇ ನಿಮಿಷದಲ್ಲಿ ಕಳ್ಳನನ್ನು ಹಿಡೀರಿ ಅಂತ ಶುರುವಾಗುತ್ತೆ. ಜೊತೆಗೊಂದು ಚಿತ್ರ: ಕತ್ತಲಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವ, ತಲೆ ತುಂಬ ಮುಸುಕು ಎಳೆದುಕೊಂಡ, ಮುಖ ಇಲ್ಲದ ಮನುಷ್ಯ. ಆಮೇಲೆ ಸೂಚನೆಗಳು. ಬ್ರೌಸರ್‌ನಲ್ಲಿ 192.168.1.1 ಅಂತ ಒತ್ತಿ, ಲಾಗಿನ್ ಆಗಿ, ಕನೆಕ್ಟ್ ಆಗಿರುವ ಸಾಧನಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಬ್ಲಾಕ್ ಮಾಡಿ. ಅಲ್ಲಿಗೆ ಮುಗೀತು.

ಇಂಥದ್ದು ಹತ್ತಾರು ಓದಿದೀನಿ. ನೆಟ್‌ವರ್ಕ್ ನೋಡಿಕೊಳ್ಳೋದೇ ನನ್ನ ಹೊಟ್ಟೆಪಾಡು ಆದ್ದರಿಂದ ಕೇಳಿದವರಿಗೆಲ್ಲ ಫಾರ್ವರ್ಡ್ ಕೂಡ ಮಾಡಿದೀನಿ. ಆದರೆ ಅದರಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ನಾನು ಮಾಡಿ ನೋಡಿದ್ದು ಈ ಯುಗಾದಿಗೆ ಊರಿಗೆ ಹೋದಾಗ. ಹಾಗಾಗಿ ಇದನ್ನು ಆ ಬರಹಗಳ ತಡವಾದ ವಿಮರ್ಶೆ ಅಂತ ಓದಿಕೊಳ್ಳಿ. ಸಿನಿಮಾಕ್ಕೆ ವಿಮರ್ಶೆ ಬರೀತೀವಿ, ಹೋಟೆಲಿಗೆ ಬರೀತೀವಿ, ಲಕ್ಷಾಂತರ ಜನ ನಂಬಿ ನಡೆಯುವ ಇಂಥ ಟಿಪ್ಸ್‌ಗೆ ಯಾರೂ ಬರೆಯಲ್ಲ.

ನಮ್ಮೂರು ಹೊಸಹೊಳಲು. ಕೆ.ಆರ್. ಪೇಟೆ ಮಗ್ಗುಲಲ್ಲೇ ಇದೆ. 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಸ್ಥಾನ ನೋಡೋಕೆ ಅಂತ ಆಗಾಗ ಕಾರುಗಳು ಬರ್ತವೆ, ಫೋಟೊ ತೆಗೆದುಕೊಂಡು ಹೋಗ್ತವೆ. ತ್ರಿಕೂಟ, ಸುತ್ತ ಗೋಡೆಯ ಕೆಳಗೆ ಆನೆ ಸಾಲು, ಕುದುರೆ ಸಾಲು, ಒಳಗೆ ಕಡೆದು ನುಣುಪು ಮಾಡಿದ ಕಂಬಗಳು. 2023ರಲ್ಲಿ ಯುನೆಸ್ಕೊದವರು ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು, ನಮ್ಮದು ಸೇರಲಿಲ್ಲ. ಪಟ್ಟಿಗಳ ಮೇಲೆ ನನಗೆ ಮೊದಲೇ ಸ್ವಲ್ಪ ಮುನಿಸಿದೆ ಅನ್ನೋದನ್ನ ಇಲ್ಲೇ ಒಪ್ಪಿಕೊಂಡುಬಿಡ್ತೀನಿ.

ನಮ್ಮದು ಹಳೇ ಮನೆ. ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಹೆಂಚು, ಬೀದಿ ಕಡೆಗೆ ಉದ್ದಕ್ಕೆ ಜಗುಲಿ. ಫೈಬರ್ ಹಾಕಿದ ಹುಡುಗ ವೈರು ಉಳಿಸೋಕೋ ಏನೋ, ಡಬ್ಬಿಯನ್ನು ಮುಂದಿನ ಹಜಾರದಲ್ಲೇ ಮೊಳೆ ಹೊಡೆದು ಕೂರಿಸಿ ಹೋಗಿದ್ದ. ಹಿಂದಿನ ಕೋಣೆಯಲ್ಲಿ ಕೂತು ಆಫೀಸ್ ಮೀಟಿಂಗಿಗೆ ಸೇರಿದರೆ ನನ್ನ ಮುಖ ಅಲ್ಲಲ್ಲೇ ಗಟ್ಟಿಯಾಗಿಬಿಡೋದು. ಮ್ಯಾನೇಜರ್ ಎರಡು ಸಲ ‘ಯು ಆರ್ ಫ್ರೋಝನ್’ ಅಂದರು. ಮೂರನೇ ಸಲಕ್ಕೆ ನನಗೆ ಆ ಮುಸುಕಿನ ಮನುಷ್ಯ ನೆನಪಾದ.

ರೌಟರ್ ಪುಟ ತೆರೆದೆ. ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಮನೆಯಲ್ಲಿ ಇದ್ದವರು ಮೂವರು.

ಹದಿನಾಲ್ಕು ಅಂದ ತಕ್ಷಣ ಮೈಯೆಲ್ಲ ಉರಿದುಹೋಯ್ತು ಅನ್ನೋದು ನಿಜ. ಟಿಪ್ಸ್ ಬರಹ ಕೆಲಸ ಮಾಡೋದು ಈ ಕ್ಷಣದಲ್ಲೇ. ಅದು ನಿಮ್ಮ ಕೈಗೆ ಒಂದು ಸಂಖ್ಯೆ ಕೊಡುತ್ತೆ, ಸಂಖ್ಯೆ ಅನುಮಾನ ಹುಟ್ಟಿಸುತ್ತೆ, ಪಕ್ಕದಲ್ಲೇ ಬ್ಲಾಕ್ ಬಟನ್ ಇರುತ್ತೆ. ನಾನು ಮೊದಲು ಬ್ಲಾಕ್ ಮಾಡಿದ್ದು ‘ಹಾನ್ ಹಾಯ್’ ಅನ್ನೋ ಹೆಸರನ್ನು. ನಮ್ಮನೇಲಿ ಚೀನಾದವರು ಯಾರೂ ಇಲ್ಲವಲ್ಲ. ಐದು ನಿಮಿಷಕ್ಕೆ ಹಜಾರದಿಂದ ಅಮ್ಮನ ಕೂಗು: ‘ಲೋ, ಸೀರಿಯಲ್ ನಿಂತೋಯ್ತು, ಏನ್ಲಾ ಮಾಡ್ದೆ?’ ಹಾನ್ ಹಾಯ್ ಅಂದರೆ ಫಾಕ್ಸ್‌ಕಾನ್ ಕಂಪನಿಯ ಮೂಲ ಹೆಸರು, ತೈವಾನಿನದು. ನಮ್ಮ ಟೀವಿಯೊಳಗಿನ ವೈಫೈ ಭಾಗ ಅವರದ್ದು. ಟೀವಿ ಮೇಲಿರೋ ಹೆಸರು ಬೇರೆ, ಪಟ್ಟಿಯಲ್ಲಿ ಕಾಣೋ ಹೆಸರು ಬೇರೆ.

ಇದನ್ನು ಯಾವ ಬರಹವೂ ಹೇಳಿರಲಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಪಟ್ಟಿಯಲ್ಲಿ ಪ್ರತಿ ಸಾಧನದ ಮುಂದೆ ಹನ್ನೆರಡು ಅಕ್ಷರಗಳ ಒಂದು ಮ್ಯಾಕ್ ವಿಳಾಸ ಇರುತ್ತೆ. ಮೊದಲ ಆರು ಅಕ್ಷರ ಐಇಇಇ ಸಂಸ್ಥೆಯವರು ತಯಾರಕರಿಗೆ ಹಂಚಿಕೊಟ್ಟಿದ್ದು. ತಯಾರಕರು ಅಂದರೆ ಅಂಗಡಿಯಲ್ಲಿ ನಾವು ಹೆಸರು ಹೇಳಿ ಕೇಳುವ ಕಂಪನಿ ಆಗಿರಬೇಕು ಅಂತೇನಿಲ್ಲ, ಒಳಗಿನ ಬಿಡಿಭಾಗ ಮಾಡಿದವರೂ ಆಗಿರಬಹುದು. ಹಾಗಾಗಿ ಫೋನು ‘ಮುರಾಟ’ ಅಂತ ಬರಬಹುದು. ನಾನೇ ತಂದು ಹಾಕಿದ್ದ ಸ್ಮಾರ್ಟ್ ಬಲ್ಬು ‘ಎಸ್ಪ್ರೆಸಿಫ್’ ಅಂತ ಬಂದಿತ್ತು. ಅದು ಶಾಂಘೈನ ಚಿಪ್ ಕಂಪನಿ, ಸಾವಿರಾರು ಬಗೆಯ ಬಲ್ಬು, ಪ್ಲಗ್ಗುಗಳಲ್ಲಿ ಕೂತಿರೋದು ಅವರ ಚಿಪ್ಪೇ. ಅಪರಿಚಿತ ಹೆಸರು ಕಂಡರೆ ಬ್ಲಾಕ್ ಮಾಡಿ ಅನ್ನೋ ಸಲಹೆ ಪಾಲಿಸಿದರೆ ಮೊದಲು ಕತ್ತಲಾಗೋದು ನಿಮ್ಮ ಮನೆಯೇ.

ಇನ್ನೊಂದು ದೊಡ್ಡ ಹುಳುಕು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ, ಐಫೋನಿನಲ್ಲಿ 2020ರ ಐಓಎಸ್ 14ರಿಂದ, ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಹೇಳದೆ ಪ್ರತಿ ನೆಟ್‌ವರ್ಕಿಗೂ ಒಂದೊಂದು ಸುಳ್ಳು ವಿಳಾಸ ಕೊಡ್ತವೆ. ಮಾಲ್‌ನವರು, ಜಾಹೀರಾತಿನವರು ನಿಮ್ಮ ಬೆನ್ನು ಹತ್ತಬಾರದು ಅಂತ ಮಾಡಿದ ಒಳ್ಳೇ ಕೆಲಸ ಅದು. ಆದರೆ ನಮ್ಮ ಡಬ್ಬಿಯಲ್ಲಿ ಎರಡು ನೆಟ್‌ವರ್ಕ್ ಹೆಸರಿದೆ, ಒಂದು ಮಾಮೂಲಿ, ಇನ್ನೊಂದು ಬಾಲಕ್ಕೆ ‘5ಜಿ’ ಅಂತ ಇರೋದು. (ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಂತ ಅಪ್ಪನಿಗೆ ನಾಲ್ಕು ಸಲ ಹೇಳಿ ಸೋತಿದೀನಿ. ‘ನಮ್ದು 5ಜಿ’ ಅಂತ ಬೀದಿಗೆಲ್ಲ ಹೇಳಿಬಿಟ್ಟಿದ್ದಾರೆ.) ನನ್ನ ಒಂದೇ ಫೋನು ಎರಡಕ್ಕೂ ಸೇರಿದ್ದರಿಂದ ಎರಡು ವಿಳಾಸ, ಎರಡು ಸಾಲು. ಅಂದರೆ ನಾನು ಹುಡುಕ್ತಿದ್ದ ಕಳ್ಳರಲ್ಲಿ ಒಬ್ಬ ನಾನೇ. ಗುರುತು ಹಿಡಿಯೋಕೆ ಒಂದು ಸುಲಭದ ದಾರಿ ಇದೆ: ವಿಳಾಸದ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಹೀಗೆ ಹುಟ್ಟಿಸಿಕೊಂಡ ವಿಳಾಸ, ತಯಾರಕರ ಹೆಸರು ಹುಡುಕಿ ಪ್ರಯೋಜನ ಇಲ್ಲ.

ಮೇಲಾಗಿ ಆ ಪಟ್ಟಿ ‘ಈಗ’ದ ಪಟ್ಟಿಯೇ ಅಲ್ಲ. ಬಹಳಷ್ಟು ರೌಟರ್‌ಗಳು ತೋರಿಸೋದು ತಾವು ಐಪಿ ವಿಳಾಸ ಬಾಡಿಗೆಗೆ ಕೊಟ್ಟವರ ಲೆಕ್ಕವನ್ನು. ಬಾಡಿಗೆ ಅವಧಿ ಸಾಮಾನ್ಯವಾಗಿ ಇಪ್ಪತ್ನಾಲ್ಕು ಗಂಟೆ. ಹಿಂದಿನ ದಿನ ಒಬ್ಬಟ್ಟು ತಿಂದು ಮೈಸೂರಿಗೆ ವಾಪಸ್ ಹೋಗಿದ್ದ ತಂಗಿಯ ಫೋನು ನಮ್ಮ ಪಟ್ಟಿಯಲ್ಲಿ ಇನ್ನೂ ಕೂತಿತ್ತು.

ಹೀಗೆ ಒಂದೊಂದೇ ಸಾಲು ಅಳಿಸ್ತಾ ಹೋದೆ. ನನ್ನ ಎರಡು ಸಾಲು, ಲ್ಯಾಪ್‌ಟಾಪು, ಅಪ್ಪ, ಅಮ್ಮ, ಟೀವಿ, ಬಾಗಿಲ ಮೇಲಿನ ಕ್ಯಾಮೆರಾ, ಬಲ್ಬು, ತಂಗಿ. ಒಂಬತ್ತು. ಉಳಿದಿದ್ದು ಐದು. ಐದೂ ಫೋನು, ಐದೂ ಸುಳ್ಳು ವಿಳಾಸ, ಹೆಸರಿನ ಜಾಗದಲ್ಲಿ ‘ಅನ್‌ನೋನ್’. ಸೋಮನಾಥಪುರದಲ್ಲಿ ಮಲ್ಲಿತಮ್ಮನಂಥ ಶಿಲ್ಪಿಗಳು ತಾವು ಕೆತ್ತಿದ ವಿಗ್ರಹದ ಕೆಳಗೆ ಹೆಸರು ಬರೆದುಹೋಗಿದ್ದಾರೆ. ಇಲ್ಲಿ ಮನೆಯೊಳಗೆ ಬಂದು ಕೂತವರು ಯಾರು ಅಂತ ಗೊತ್ತಾಗಲ್ಲ.

ಅಪ್ಪನನ್ನು ಕೇಳಿದೆ. ‘ನಾನೇ ಯಾರ್‌ಯಾರ್ಗೋ ಕೊಟ್ಟಿವ್ನಿ ಕಣ್ಲಾ. ಅದ್ರಲ್ಲೇನು ಗಂಟು ಹೋಯ್ತು? ನಿಂದೇನು ಮೀಟ್ರು ಓಡುತ್ತಾ?’

ಮೀಟರ್ ಓಡಲ್ಲ ಅನ್ನೋದು ಸರಿ. ಐದು ಫೋನಿನಿಂದ ನನ್ನ ಮೀಟಿಂಗ್ ನಿಲ್ಲುತ್ತಿರಲಿಲ್ಲ ಅನ್ನೋದೂ ಸರಿ. ಲ್ಯಾಪ್‌ಟಾಪ್ ಎತ್ತಿಕೊಂಡು ಹಜಾರಕ್ಕೆ ಬಂದು ನೋಡಿದೆ, ಸ್ಪೀಡು ಜಮ್ಮಂತ ಬರ್ತಿತ್ತು. 5 ಗಿಗಾಹರ್ಟ್ಸ್ ಅಲೆಗಳಿಗೆ ಎರಡು ಮಣ್ಣಿನ ಗೋಡೆ ದಾಟೋ ಶಕ್ತಿ ಇಲ್ಲ, ಅಷ್ಟೇ. ನೆಟ್ ಸ್ಲೋ ಅಂದರೆ ಕಳ್ಳ ಇದ್ದಾನೆ ಅಂತ ಶುರುಮಾಡುವ ಬರಹಗಳು ಮೊದಲ ಸಾಲಿನಲ್ಲೇ ದಾರಿ ತಪ್ಪಿಸ್ತವೆ. ನೂರಕ್ಕೆ ಎಷ್ಟು ಸಲ ಅಂತ ಲೆಕ್ಕ ಕೊಡೋಕೆ ನನ್ನಿಂದಾಗಲ್ಲ, ಆದರೆ ನನ್ನ ಕೆಲಸದಲ್ಲಿ ಸ್ಲೋ ನೆಟ್ಟಿನ ದೂರಿನ ಹಿಂದೆ ಹೋದಾಗ ಸಿಕ್ಕಿದ್ದು ಗೋಡೆ, ಫ್ರಿಜ್ಜು, ಹಳೇ ಕೇಬಲ್ಲು. ಮುಸುಕಿನ ಮನುಷ್ಯ ಒಂದು ಸಲವೂ ಸಿಕ್ಕಿಲ್ಲ.

ಹಾಗಂತ ಅಪ್ಪ ಹೇಳಿದ್ದೇ ಸರಿ ಅಂತ ಲ್ಯಾಪ್‌ಟಾಪ್ ಮುಚ್ಚಿಡೋ ಹಾಗೂ ಇರಲಿಲ್ಲ. ಯಾಕೆ ಅಂದರೆ ಪಾಸ್‌ವರ್ಡ್ ಏನು ಅಂತ ಕೇಳಿದೆ. ‘ನನ್ ಫೋನ್ ನಂಬ್ರು’ ಅಂದರು. ಫೈಬರ್ ಹುಡುಗ ‘ಫೋನ್ ನಂಬರೇ ಇಟ್ಬಿಡ್ಲಾ ಸಾರ್, ಮರೆಯಲ್ಲ’ ಅಂದಿದ್ದನಂತೆ. ಅಪ್ಪನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ. ಆ ನಂಬರು ಅಂಗಡಿ ಬೋರ್ಡಿನ ಮೇಲೆ ಒಂದಡಿ ಎತ್ತರದ ಅಕ್ಷರದಲ್ಲಿದೆ, ಬಿಲ್ಲಿನ ಮೇಲಿದೆ, ಗೋಡೆಗೆ ಹಾಕೋ ಕ್ಯಾಲೆಂಡರಿನ ಮೇಲಿದೆ. ಇನ್ನು ರೌಟರ್ ಒಳಗೆ ಹೋಗೋ ಪಾಸ್‌ವರ್ಡು? ಡಬ್ಬಿ ಜೊತೆ ಬಂದ ‘ಅಡ್ಮಿನ್’, ಬಳಕೆದಾರನ ಹೆಸರೂ ಅದೇ. ನಾನು ಒಂದು ಗಂಟೆ ಹೊತ್ತು ಯಾರು ಯಾರು ಒಳಗಿದ್ದಾರೆ ಅಂತ ತಲೆ ಎಣಿಸ್ತಾ ಕೂತಿದ್ದೆ. ಬೀಗದ ಕೈಯನ್ನು ಅಪ್ಪ ಬಸ್‌ಸ್ಟ್ಯಾಂಡಿನ ಎದುರಿಗೆ ನೇತುಹಾಕಿದ್ದರು.

ಬೋರ್ಡಿನಲ್ಲಿ ಇಲ್ಲದೇ ಇದ್ದಿದ್ದರೂ ಫೋನ್ ನಂಬರು ಪಾಸ್‌ವರ್ಡ್ ಆಗಬಾರದು. 2021ರಲ್ಲಿ ಸೈಬರ್‌ಆರ್ಕ್ ಕಂಪನಿಯ ಸಂಶೋಧಕರೊಬ್ಬರು ಇಸ್ರೇಲಿನ ಟೆಲ್ ಅವೀವ್ ಬೀದಿಗಳಲ್ಲಿ ಓಡಾಡಿ 5000 ವೈಫೈಗಳ ಸಂಕೇತ ಹಿಡಿದುಕೊಂಡು, ಮನೆಗೆ ಬಂದು, ಅದರಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನದರ ಪಾಸ್‌ವರ್ಡ್ ಒಡೆದರು. ಅಲ್ಲೂ ಜನ ತಮ್ಮ ಮೊಬೈಲ್ ನಂಬರನ್ನೇ ಇಟ್ಟುಕೊಳ್ತಾರೆ ಅನ್ನೋದು ಅವರ ಊಹೆಯಾಗಿತ್ತು. ನಮ್ಮ ಲೆಕ್ಕ ಹಾಕಿ ನೋಡಿ: 6, 7, 8, 9ರಿಂದ ಶುರುವಾಗುವ ಹತ್ತು ಅಂಕಿ, ಒಟ್ಟು 400 ಕೋಟಿ ನಂಬರು. ಕೇಳೋಕೆ ದೊಡ್ಡದು. ಹುಡುಗರು ಗೇಮ್ ಆಡೋಕೆ ಕೊಳ್ಳುವ ಒಂದು ಒಳ್ಳೇ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಿದರೂ ಒಂದೂಕಾಲು ಗಂಟೆಯೊಳಗೆ ಮುಗಿದುಹೋಗುತ್ತೆ.

ಒಳಗೆ ಬಂದರೆ ಏನಾಗುತ್ತೆ? ಅಪ್ಪನ ಪ್ರಶ್ನೆ ಅದೇ, ಅದಕ್ಕೆ ಉತ್ತರ ಸ್ಪೀಡು ಅಲ್ಲ. ‘ಅಡ್ಮಿನ್’ ಅಂತ ಹೊಡೆದು ರೌಟರಿನ ಡಿಎನ್‌ಎಸ್ ಬದಲಿಸಿದರೆ, ಬ್ಯಾಂಕಿನ ಹೆಸರು ಒತ್ತಿದಾಗ ಅಪ್ಪ ಯಾವ ಪುಟಕ್ಕೆ ಹೋಗಬೇಕು ಅನ್ನೋದನ್ನ ಬೇರೆ ಯಾರೋ ತೀರ್ಮಾನ ಮಾಡಬಹುದು. ಬ್ರೌಸರ್ ಎಚ್ಚರಿಕೆ ಕೊಡುತ್ತೆ, ನಿಜ. ಅಪ್ಪ ಎಚ್ಚರಿಕೆ ಓದುವವರಲ್ಲ, ಓಕೆ ಒತ್ತುವವರು. ಮತ್ತೆ ಬಾಗಿಲ ಮೇಲಿನ ಕ್ಯಾಮೆರಾ ಇದೇ ನೆಟ್‌ವರ್ಕಿನಲ್ಲಿದೆ, ಅದಕ್ಕೂ ಡಬ್ಬಿಯ ಪಾಸ್‌ವರ್ಡೇ.

ಇನ್ನೊಂದು ಹಳೇ ಸಂಗತಿ ಇದೆ. 2008ರ ಜುಲೈ 25ಕ್ಕೆ ಬೆಂಗಳೂರಿನಲ್ಲಿ ಸರಣಿ ಬಾಂಬ್ ಸಿಡಿದವು, ಮರುದಿನ ಅಹಮದಾಬಾದಿನಲ್ಲಿ. ಅಹಮದಾಬಾದಿನ ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ ಟೀವಿ ಚಾನೆಲ್ಲುಗಳಿಗೆ ಒಂದು ಇಮೇಲ್ ಬಂತು. ಐಪಿ ವಿಳಾಸ ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಫ್ಲಾಟಿಗೆ. ಅಲ್ಲಿದ್ದ ಅಮೆರಿಕದವನಿಗೂ ಬಾಂಬಿಗೂ ಸಂಬಂಧ ಇರಲಿಲ್ಲ. ಅವನ ವೈಫೈಗೆ ಬೀಗ ಇರಲಿಲ್ಲ, ಅಷ್ಟೇ. ಮುಂದಿನ ವರ್ಷ ದೂರಸಂಪರ್ಕ ಇಲಾಖೆ ವೈಫೈ ಭದ್ರ ಮಾಡೋ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನುಗಳಲ್ಲಿ ಅನುಮತಿ ಇಲ್ಲದೆ ಬೇರೆಯವರ ನೆಟ್‌ವರ್ಕಿಗೆ ನುಗ್ಗಿದವರಿಗೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಅಂತ ಇದೆ. ಇದೆ ಸರಿ, ಆದರೆ ಪೊಲೀಸರು ಮೊದಲು ತಟ್ಟೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲನ್ನು. ನಮ್ಮಲ್ಲಿ ಅದು ಅಪ್ಪನ ಹೆಸರು.

ಹಾಗಾಗಿ ಅವತ್ತೇ ರಾತ್ರಿ ಎಲ್ಲ ಬದಲಿಸಿದೆ. ರೌಟರ್‌ನ ಪಾಸ್‌ವರ್ಡು, ವೈಫೈ ಪಾಸ್‌ವರ್ಡು, ಕ್ಯಾಮೆರಾದ್ದು. ಡಬ್ಲ್ಯೂಪಿಎಸ್ ಅನ್ನೋ ಬಟನ್ ಸೌಲಭ್ಯ ಆನ್ ಇತ್ತು, ಅದನ್ನು ಆರಿಸಿದೆ. ಅದರ ಎಂಟಂಕಿಯ ಪಿನ್ನನ್ನು ರೌಟರ್ ಎರಡು ತುಂಡು ಮಾಡಿ ಪರೀಕ್ಷಿಸುತ್ತೆ, ಆದ್ದರಿಂದ ಹನ್ನೊಂದು ಸಾವಿರ ಪ್ರಯತ್ನದೊಳಗೆ ಸಿಕ್ಕಿಬೀಳುತ್ತೆ ಅಂತ 2011ರಲ್ಲೇ ಬಯಲಾಗಿದೆ. ಟಿಪ್ಸ್ ಬರಹಗಳು ಒತ್ತಿ ಒತ್ತಿ ಹೇಳುವ ಎರಡನ್ನು ಮಾತ್ರ ಮಾಡಲಿಲ್ಲ: ನೆಟ್‌ವರ್ಕ್ ಹೆಸರು ಬಚ್ಚಿಡೋದು, ಮ್ಯಾಕ್ ವಿಳಾಸ ನೋಡಿ ಒಳಗೆ ಬಿಡೋದು. ಹೆಸರು ಬಚ್ಚಿಟ್ಟರೂ ಗಾಳಿಯಲ್ಲಿ ಕೇಳುವವರಿಗೆ ಕೇಳುತ್ತೆ. ಫೋನುಗಳೇ ಸುಳ್ಳು ವಿಳಾಸ ಕೊಡೋ ಕಾಲದಲ್ಲಿ ವಿಳಾಸದ ಕಾವಲು ಕಟ್ಟಿದರೆ ಅಮ್ಮ ಹೊರಗೆ ಉಳೀತಾಳೆ, ಬರಬೇಕು ಅಂದವನು ಬೇರೆ ವಿಳಾಸ ಹಾಕ್ಕೊಂಡು ಬರ್ತಾನೆ.

ಮಾರನೇ ದಿನದಿಂದ ನಿಜವಾದ ಪಟ್ಟಿ ಬರೋಕೆ ಶುರುವಾಯ್ತು.

ಬೆಳಗ್ಗೆ ಏಳಕ್ಕೆ ಎದುರು ಮನೆ ಅಜ್ಜಿ, ಸೆರಗಿನಲ್ಲಿ ಫೋನು ಸುತ್ತಿಕೊಂಡು. ‘ಮೊಮ್ಮಗಿನ ಮೊಕ ಕಾಣ್ತಾ ಇಲ್ಲ ಕಣಪ್ಪ, ನೋಡ್ಕೊಡು.’ ಮೊಮ್ಮಗು ಇರೋದು ದುಬೈನಲ್ಲಿ. ಹತ್ತು ಗಂಟೆ ಹೊತ್ತಿಗೆ ಕಟ್ಟಿಂಗ್ ಶಾಪಿನ ಇಬ್ಬರು ಹುಡುಗರು, ಕೇಳೋಕೆ ನಾಚಿಕೊಂಡು ಜಗುಲಿ ಮೇಲೆ ಸುಮ್ಮನೆ ಕೂತು ಆಗಾಗ ಒಳಗೆ ಇಣುಕಿ ನೋಡ್ತಾ ಇದ್ದರು. ಮಧ್ಯಾಹ್ನ ಹೂವಿನಕ್ಕ. ಆಕೆ ದಿನಾ ಎರಡು ಗಂಟೆ ನಮ್ಮ ಜಗುಲಿ ಮೇಲೆ ಕೂತು ಹೂ ಕಟ್ಟೋದು, ಪಕ್ಕದಲ್ಲಿ ಫೋನು ಒರಗಿಸಿಟ್ಟುಕೊಂಡು ಹಳೇ ಸಿನಿಮಾ ನೋಡೋದು. ಅಜ್ಜಿ, ಹುಡುಗರು, ಹೂವಿನಕ್ಕ. ನಾಲ್ಕು ಫೋನು. ಯಾವ ಸ್ಕ್ಯಾನರ್ ಆ್ಯಪಿಗೂ ಸಿಗದ ಹೆಸರು, ಕಾರಣ, ಹೊತ್ತು ಎಲ್ಲ ಪಾಸ್‌ವರ್ಡ್ ಬದಲಿಸಿದ ಇಪ್ಪತ್ನಾಲ್ಕು ಗಂಟೆಯಲ್ಲಿ ತಾವಾಗೇ ನಡೆದುಕೊಂಡು ಬಂದವು. ಅನಧಿಕೃತ ಬಳಕೆದಾರರನ್ನು ಪತ್ತೆ ಹಚ್ಚೋಕೆ ನಾನು ಕಂಡ ಮಟ್ಟಿಗೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ಅವರಿಗೆಲ್ಲ ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟೆ. ಈಗಿನ ಬಹುಪಾಲು ರೌಟರ್‌ಗಳಲ್ಲಿ ಈ ಸೌಲಭ್ಯ ಇದೆ, ಟಿಪ್ಸ್ ಬರಹಗಳಲ್ಲಿ ಇದ್ದರೆ ಕೊನೇ ಸಾಲಿನಲ್ಲಿರುತ್ತೆ. ಅದು ನಮ್ಮ ಜಗುಲಿ ಇದ್ದ ಹಾಗೇ. ಬಂದವರು ಕೂತ್ಕೋಬಹುದು, ನೆರಳಿದೆ, ನೀರು ಕೇಳಿದರೆ ಸಿಗುತ್ತೆ, ನಡುಮನೆ ಕಾಣಲ್ಲ. ಗೆಸ್ಟ್ ಕಡೆಯಿಂದ ಕ್ಯಾಮೆರಾ, ಟೀವಿ, ಲ್ಯಾಪ್‌ಟಾಪ್ ಯಾವುದೂ ಕಾಣಲ್ಲ. ಒಂದು ಮಾತು ಮಾತ್ರ ಮುಚ್ಚಿಡಬಾರದು: ಅಲ್ಲಿಂದ ಹೋಗೋ ಇಮೇಲೂ ಹೊರಗಿನವರಿಗೆ ಅಪ್ಪನ ಕನೆಕ್ಷನ್ನಿಂದಲೇ ಹೋದಂಗೆ ಕಾಣೋದು. ಗೆಸ್ಟ್ ನೆಟ್‌ವರ್ಕ್ ಕ್ಯಾಮೆರಾವನ್ನು ಕಾಯುತ್ತೆ, ಹೆಸರನ್ನು ಕಾಯಲ್ಲ. ಅದಕ್ಕೇ ಯಾರಿಗೆ ಕೊಟ್ಟಿದೀವಿ ಅಂತ ಗೊತ್ತಿರಬೇಕು, ಚೀಟಿ ಕೈಯಿಂದ ಕೈಗೆ ಹೋಗಬೇಕು ಅಂತ ನಿಯಮ ಮಾಡಿದೆ. ಅಪ್ಪನೂ ಒಪ್ಪಿದರು.

ಐದನೇ ಫೋನು ಮಾತ್ರ ಬರಲಿಲ್ಲ.

ಎರಡು ದಿನ ಕಾದೆ. ಬದಲಿಸೋ ಮುಂಚಿನ ರೌಟರ್ ಲಾಗ್ ತೆಗೆದು ನೋಡಿದೆ. ಅದು ದಿನಾ ರಾತ್ರಿ ಹತ್ತರ ಸುಮಾರಿಗೆ ಸೇರಿ ಒಂದು ಗಂಟೆವರೆಗೂ ಇರ್ತಿತ್ತು. ಸಿಗ್ನಲ್ ತೀರ ಕಮ್ಮಿ, ಅಂದರೆ ಜಗುಲಿ ಕಡೆ ಅಲ್ಲ, ಹಿತ್ತಿಲ ಕಡೆ. ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಆಕೆಗೆ ಲಾಗು ಬೇಕಿರಲಿಲ್ಲ. ‘ಹಿಂದ್ಲ ಮನೆ ಹುಡ್ಗಿ ಇರ್ಬೇಕು. ಪೀಯೂಸಿ, ಸೀಯೀಟಿಗೆ ಓದ್ತದೆ. ಅದು ಕೇಳಕ್ ಬರಲ್ಲ ಬುಡು.’

ಹಿಂದಿನ ಮನೆಯವರಿಗೂ ನಮಗೂ ಆರು ವರ್ಷದಿಂದ ಮಾತಿಲ್ಲ. ಹಿತ್ತಿಲ ಗೋಡೆ ಒಂದಡಿ ಆ ಕಡೆಯೋ ಈ ಕಡೆಯೋ ಅನ್ನೋ ಜಗಳ, ಸರ್ವೆಯವರು ಎರಡು ಸಲ ಬಂದು ಹೋದರೂ ಮುಗಿದಿಲ್ಲ. ಆ ಹುಡುಗಿ ನಮ್ಮ ಬಾಗಿಲಿಗೆ ಬರೋ ಹಾಗಿಲ್ಲ, ಅಮ್ಮ ಅವರ ಬಾಗಿಲಿಗೆ ಹೋಗೋ ಹಾಗಿಲ್ಲ. ಆದರೆ ಅಪ್ಪನ ಫೋನ್ ನಂಬರು ಅಂಗಡಿ ಬೋರ್ಡಿನ ಮೇಲಿತ್ತು.

ಇಲ್ಲಿ ನನ್ನ ವಿಮರ್ಶೆ ನನಗೇ ತಿರುಗುಬಾಣ ಆಯ್ತು. ಪಾಠದಲ್ಲಿ ಓದಿದ ಲೆಕ್ಕದಲ್ಲಿ ಅದು ಕೆಟ್ಟ ಪಾಸ್‌ವರ್ಡು, ಇವತ್ತು ಕೇಳಿದರೂ ಕೆಟ್ಟದ್ದೇ ಅಂತೀನಿ, ಬದಲಿಸಿದ್ದು ತಪ್ಪು ಅಂತಲೂ ಅನ್ನಲ್ಲ. ಆದರೆ ಮಾತು ಬಿಟ್ಟವರು ಯಾರನ್ನೂ ಕೇಳದೆ ತಿಳಿದುಕೊಳ್ಳಬಹುದಾಗಿದ್ದ ಪಾಸ್‌ವರ್ಡು ಅದೊಂದೇ. ಕೈಯಿಂದ ಕೈಗೆ ಅನ್ನೋ ನನ್ನ ಚೆಂದದ ನಿಯಮದಲ್ಲಿ ಆ ಹುಡುಗಿಗೆ ಜಾಗ ಇರಲಿಲ್ಲ. ಇನ್ನೊಂದು ಮುಜುಗರ: ಪರೀಕ್ಷೆ ಮಾಡೋಕೆ ಹೋಗಿ, ಪಕ್ಕದ ಮನೆಯ ಹದಿನೇಳು ವರ್ಷದ ಹುಡುಗಿ ರಾತ್ರಿ ಎಷ್ಟು ಹೊತ್ತಿನವರೆಗೂ ಎದ್ದಿರ್ತಾಳೆ ಅನ್ನೋದು ನನಗೆ ಗೊತ್ತಾಗಿತ್ತು. ಕಳ್ಳನನ್ನು ಹಿಡಿಯಿರಿ ಅನ್ನೋ ಬರಹಗಳು ಇದನ್ನು ಹೇಳೋದೇ ಇಲ್ಲ, ಆ ಪಟ್ಟಿ ತೆರೆದು ಕೂರೋದೂ ಒಂಥರಾ ಕಿಟಕಿಯಲ್ಲಿ ಇಣುಕಿದ ಹಾಗೇ. ಲಾಗ್ ಅಳಿಸಿದೆ. ಅಪ್ಪನಿಗೆ ಹೇಳಲಿಲ್ಲ.

ವಾಪಸ್ ಬೆಂಗಳೂರಿಗೆ ಹೊರಡೋ ದಿನ ಡಬ್ಬಿಯನ್ನು ಹಜಾರದಿಂದ ಕಿತ್ತು ನಡುಮನೆಗೆ ತಂದು ಹಾಕಿದೆ. ಯಾಕೆ ಅಂತ ಅಪ್ಪ ಕೇಳಿದರು. ಮೀಟಿಂಗಿಗೆ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಬರಬೇಕಲ್ಲ ಅಂದೆ, ಅದೂ ನಿಜವೇ.

ಹೂವಿನಕ್ಕ ಆವತ್ತು ಮಲ್ಲಿಗೆ ಅಳೆದು ಅಮ್ಮನ ಕೈಗೆ ಕೊಟ್ಟು, ಬುಟ್ಟಿ ಎತ್ತಿಕೊಳ್ಳೋ ಮುಂಚೆ ನನ್ನನ್ನು ಕರೆದಳು. ಆ ಗೆಸ್ಟ್ ಪಾಸ್‌ವರ್ಡನ್ನ ಇನ್ನೊಂದು ಚೀಟೀಲಿ ಬರ್ಕೊಡಪ್ಪ ಅಂದಳು. ಮೊನ್ನೆ ಕೊಟ್ಟಿದ್ನಲ್ಲಕ್ಕ, ಕಳೆದೋಯ್ತಾ ಅಂದೆ. ‘ಇಲ್ಲ, ಐತೆ’ ಅಂದಳು. ಬರೆದುಕೊಟ್ಟೆ. ಅಮ್ಮ ಹೂವನ್ನು ನೋಡ್ತಾ ನಿಂತಿದ್ದಳು. ಹೂವಿನಕ್ಕ ಚೀಟಿಯನ್ನು ಬಾಳೆಲೆ ಅಡಿಗೆ ಸಿಕ್ಕಿಸಿಕೊಂಡು ಸಂದಿ ಹಿಡಿದು ಹಿಂದಿನ ಬೀದಿ ಕಡೆ ಹೋದಳು.